ದೊಡ್ಡ ಗಂಟನ್ನು ಬಿಟ್ಟೆವು, ಚಿಕ್ಕದನ್ನು ತೆಗೆದೆವು: ಒಂದೇ ಕೈಯ ಎರಡು ಗಂಟುಗಳ ಪ್ರಕರಣ

ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಮೂಳೆ ಮತ್ತು ಕೈ ಶಸ್ತ್ರಚಿಕಿತ್ಸೆ ಮಾಡುವ ನನ್ನ ಬಳಿಗೆ ಬಂದ ಪ್ರಕರಣವಿದು. ಬರೆಯಲು ರೋಗಿಯ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ವಯಸ್ಸು, ಊರು, ಮನೆಯವರ ವಿವರಗಳನ್ನು ಬದಲಿಸಿದ್ದೇನೆ. ಗಂಟುಗಳು ಇದ್ದ ಜಾಗ, ಪರೀಕ್ಷೆಗಳಲ್ಲಿ ಕಂಡದ್ದು, ನಾವು ತೆಗೆದುಕೊಂಡ ತೀರ್ಮಾನಗಳು ಮಾತ್ರ ನಡೆದ ಹಾಗೆಯೇ ಇವೆ. ಕೈಯ ಗಂಟುಗಳು ವೈದ್ಯಶಾಸ್ತ್ರದ ದೊಡ್ಡ ವಿಷಯವೇನಲ್ಲ. ಬಹುತೇಕ ಗಂಟುಗಳಿಂದ ಜೀವಕ್ಕೆ ಅಪಾಯವಿಲ್ಲ. ಆದ್ದರಿಂದಲೇ ಅವುಗಳ ಬಗ್ಗೆ ತೀರ್ಮಾನಗಳು ಅವಸರದಲ್ಲಿ ಆಗುತ್ತವೆ: ಒಂದೋ ಕಂಡ ಕೂಡಲೇ ಕತ್ತರಿಸುತ್ತೇವೆ, ಇಲ್ಲವೇ ನೋಡದೆಯೇ ‘ಏನೂ ಆಗಲ್ಲ ಹೋಗಿ’ ಎಂದು ಕಳಿಸುತ್ತೇವೆ.

ಹಿನ್ನೆಲೆ

ನಲವತ್ತರ ಆಸುಪಾಸಿನ ಹೆಣ್ಣುಮಗಳು. ಸ್ವಸಹಾಯ ಸಂಘದ ನಾಲ್ಕಾರು ಹೆಂಗಸರ ಜೊತೆ ಸೇರಿ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಾರೆ. ಖಡಕ್ ರೊಟ್ಟಿಯನ್ನು ಕಟ್ಟುಕಟ್ಟಾಗಿ ದೂರದ ಊರುಗಳಿಗೂ ಕಳಿಸುತ್ತಾರೆ. ಮನೆಯ ಆದಾಯದಲ್ಲಿ ಅವರ ಪಾಲೇ ದೊಡ್ಡದು. ಈ ಕೆಲಸದಲ್ಲಿ ಮಣಿಕಟ್ಟಿನ ಮೇಲೆ ಬೀಳುವ ಭಾರ ಸಣ್ಣದಲ್ಲ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ನೀರು ಹಾಕಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದ ಮೇಲೆಯೇ ಅದು ಹದಕ್ಕೆ ಬರುತ್ತದೆ. ಆಮೇಲೆ ಬಲಗೈ ಬಡಿಯುತ್ತದೆ, ಎಡಗೈ ರೊಟ್ಟಿಯನ್ನು ತಿರುಗಿಸುತ್ತದೆ.

ಬಲ ಮಣಿಕಟ್ಟಿನ ಹಿಂಬದಿಯಲ್ಲಿ, ನಟ್ಟನಡುವೆ, ಮೂರು ವರ್ಷದಿಂದ ಒಂದು ಗಂಟಿತ್ತು. ಮೊದಲು ಕೈ ಬಗ್ಗಿಸಿದಾಗ ಮಾತ್ರ ಕಾಣುತ್ತಿದ್ದದ್ದು ಈಗ ಸುಮ್ಮನೆ ಇಟ್ಟ ಕೈಯಲ್ಲೂ ಎದ್ದು ಕಾಣುತ್ತಿತ್ತು. ಬಳೆ ಹಿಂದೆ ಸರಿಸಿದರೆ ಅಡ್ಡ ಬರುತ್ತಿತ್ತು. ಮದುವೆಯ ಸುಗ್ಗಿಯಲ್ಲಿ ದೊಡ್ಡದಾಗಿ, ಕೆಲಸ ಕಡಿಮೆಯಾದಾಗ ಸಣ್ಣದಾಗುತ್ತಿತ್ತು ಎಂಬುದನ್ನು ಅವರೇ ಗಮನಿಸಿದ್ದರು. ಹಿಟ್ಟು ನಾದುವಾಗ ಮತ್ತು ನೆಲಕ್ಕೆ ಅಂಗೈ ಊರಿ ಏಳುವಾಗ ನೋವು. ಬಡಿಯುವಾಗ ಅಷ್ಟಿರಲಿಲ್ಲ. ಈ ಕೊನೆಯ ಮಾತನ್ನು ನಾನು ಚೀಟಿಯಲ್ಲಿ ಅಡಿಗೆರೆ ಹಾಕಿ ಬರೆದುಕೊಂಡೆ.

ನಮ್ಮಲ್ಲಿಗೆ ಬರುವ ಮೊದಲು ಎರಡು ಚಿಕಿತ್ಸೆಗಳು ಮುಗಿದಿದ್ದವು. ಊರಿನವರೊಬ್ಬರ ಮಾತು ಕೇಳಿ ಗಂಟಿನ ಮೇಲೆ ತಾಮ್ರದ ಬಿಲ್ಲೆ ಇಟ್ಟು ಬಟ್ಟೆಯಿಂದ ಬಿಗಿಯಾಗಿ ಕಟ್ಟಿದ್ದರು. ಗಂಟು ಒಂದು ದಿನ ಒಡೆದು ಮಾಯವಾಯಿತು, ಕೆಲವು ತಿಂಗಳಲ್ಲಿ ಮತ್ತೆ ಬಂತು. ಆಮೇಲೆ ಒಂದು ಚಿಕಿತ್ಸಾಲಯದಲ್ಲಿ ಸೂಜಿ ಹಾಕಿ ನೀರು ತೆಗೆಸಿದರು. ಬಂದದ್ದು ನೀರಲ್ಲ, ಲೋಳೆಸರದ ತಿರುಳಿನಂಥ ತಿಳಿಯಾದ ಅಂಟು ದ್ರವ ಎಂದು ಅವರು ನೆನಪಿಟ್ಟು ಹೇಳಿದರು. ಆಗಲೂ ಗಂಟು ಮರಳಿತು. ಹೀಗಾಗಿ ನಮ್ಮ ಮುಂದೆ ಕುಳಿತಾಗ ಅವರಿಗೆ ತಾಳ್ಮೆ ಉಳಿದಿರಲಿಲ್ಲ: “ಬೇರು ಸಮೇತ ಕಿತ್ತು ಹಾಕಿ ಡಾಕ್ಟರೇ. ಮತ್ತೆ ಮತ್ತೆ ಬರಲು ನನಗೆ ಪುರುಸೊತ್ತಿಲ್ಲ.”

ಗಂಡನ ಚಿಂತೆಯೇ ಬೇರೆ. ಅವರ ಅಣ್ಣನಿಗೆ ತೊಡೆಯಲ್ಲಿ ಗಂಟಾಗಿ, ಅದು ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಅತ್ತೆಗೆ ಮೂರನೆಯ ಭಯ: ಕೈಗೆ ಕತ್ತಿ ಹಾಕಿಸಿಕೊಂಡರೆ ಸೊಸೆಯ ಕೈ ಮೊದಲಿನಂತೆ ಆಡುವುದಿಲ್ಲ. ಮೂರೂ ಜನರ ಮಾತಿನಲ್ಲಿ ನ್ಯಾಯವಿತ್ತು, ಮೂರೂ ಮಾತು ಆ ದೊಡ್ಡ ಗಂಟಿನ ಬಗ್ಗೆಯೇ ಇತ್ತು.

ಎತ್ತಿದ ತೋರುಬೆರಳು

ಮಣಿಕಟ್ಟಿನ ಗಂಟನ್ನು ಗುರುತಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನುಣುಪಾಗಿತ್ತು, ಒತ್ತಿದರೆ ತುಸು ಬಿಗಿ, ಮೇಲಿನ ಚರ್ಮಕ್ಕೆ ಅಂಟಿರಲಿಲ್ಲ. ಕೋಣೆಯ ದೀಪ ಆರಿಸಿ ಪಕ್ಕದಿಂದ ಟಾರ್ಚ್ ಹಿಡಿದರೆ ಒಳಗೆಲ್ಲ ಕೆಂಪಾಗಿ ಬೆಳಗಿತು. ಒಳಗಿರುವುದು ತಿಳಿ ದ್ರವ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಇದು ಗ್ಯಾಂಗ್ಲಿಯಾನ್, ಕೈ ಮತ್ತು ಮಣಿಕಟ್ಟಿನಲ್ಲಿ ಕಾಣುವ ಮೃದು ಅಂಗಾಂಶದ ಗಂಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ. ಇಪ್ಪತ್ತರಿಂದ ನಲವತ್ತರ ಹೆಂಗಸರಲ್ಲಿ ಹೆಚ್ಚು. ಹಿಂಬದಿಯ ಗ್ಯಾಂಗ್ಲಿಯಾನ್‌ಗಳಲ್ಲಿ ಬಹುಪಾಲು ಸ್ಕೇಫಾಯ್ಡ್ ಮತ್ತು ಲ್ಯೂನೇಟ್ ಎಂಬ ಎರಡು ಪುಟ್ಟ ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜುವಿನ ಬಳಿ ಹುಟ್ಟುತ್ತವೆ. ಮೇಲೆ ಕಾಣುವ ಚೀಲ ಒಂದು ಸಣ್ಣ ತೊಟ್ಟಿನ ಮೂಲಕ ಕೀಲಿಗೆ ಸೇರಿರುತ್ತದೆ. ಬಿಲ್ಲೆ ಕಟ್ಟಿದರೂ ಸೂಜಿ ಹಾಕಿದರೂ ಖಾಲಿಯಾಗುವುದು ಚೀಲ ಮಾತ್ರ. ತೊಟ್ಟು ಅಲ್ಲೇ ಇರುತ್ತದೆ. ಯುರೋಪಿನಲ್ಲಿ ಮನೆಯ ದಪ್ಪ ಧರ್ಮಗ್ರಂಥದಿಂದ ಗುದ್ದಿ ಗಂಟು ಒಡೆಯುವ ರೂಢಿಯಿತ್ತು. ನಮ್ಮ ಬಿಲ್ಲೆಯ ಚಿಕಿತ್ಸೆಯನ್ನು ನೋಡಿ ನಗುವವರಿಗೆ ಇದನ್ನು ಹೇಳುತ್ತೇನೆ. ಎರಡೂ ಕಡೆ ಗಂಟು ವಾಪಸು ಬರುತ್ತಿತ್ತು, ಗುದ್ದಿದ ಕಡೆ ಒಮ್ಮೊಮ್ಮೆ ಮೂಳೆಗೂ ಪೆಟ್ಟಾಗುತ್ತಿತ್ತು.

ಇಷ್ಟಕ್ಕೇ ನಿಲ್ಲಿಸಿ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಬಹುದಿತ್ತು. ಆದರೆ ಕೈಯ ತೊಂದರೆಗೆ ಬಂದವರನ್ನು ಅವರ ಕೆಲಸದ ಭಂಗಿಯಲ್ಲಿ ನೋಡುವುದು ನನ್ನ ಪದ್ಧತಿ. “ಅಕ್ಕಾ, ರೊಟ್ಟಿ ಹೇಗೆ ಬಡಿಯುತ್ತೀರಿ, ಈ ಮೇಜಿನ ಮೇಲೆ ತೋರಿಸಿ” ಎಂದೆ. ಅವರು ನಕ್ಕು, ಸೀರೆಯ ಸೆರಗು ಸಿಕ್ಕಿಸಿಕೊಂಡು ಬಡಿದು ತೋರಿಸಿದರು. ಅಂಗೈ ಚಪ್ಪಟೆಯಾಗಿ ಬೀಳುತ್ತಿತ್ತು, ಮೂರು ಬೆರಳು ಮೇಜಿಗೆ ತಾಗುತ್ತಿದ್ದವು. ತೋರುಬೆರಳು ಮಾತ್ರ ಪ್ರತಿ ಸಲವೂ ಸ್ವಲ್ಪ ಮೇಲೆ ನಿಲ್ಲುತ್ತಿತ್ತು. ನಿಧಾನಕ್ಕೆ ಬಡಿಯಲು ಹೇಳಿದಾಗಲೂ ಹಾಗೆಯೇ.

ಕೈ ಮಗುಚಿ ನೋಡಿದರೆ, ತೋರುಬೆರಳಿನ ನಡುಗೆಣ್ಣಿನಲ್ಲಿ, ಅಂಗೈ ಕಡೆಗೆ ಹೆಬ್ಬೆರಳಿನ ಪಕ್ಕದಲ್ಲಿ ಇನ್ನೊಂದು ಗಂಟು. ಕಡಲೆಕಾಳಿಗಿಂತ ತುಸು ದೊಡ್ಡದು. ಗಟ್ಟಿ, ಮೇಲ್ಮೈ ಸ್ವಲ್ಪ ಏರುತಗ್ಗು, ನೋವಿಲ್ಲ. ಕೇಳಿದಾಗ, “ಅದು ಜಡ್ಡುಗಟ್ಟಿದ ಚರ್ಮ ಡಾಕ್ಟರೇ, ಕೆಲಸ ಮಾಡುವವರ ಕೈ” ಎಂದರು. ಅದರ ಮೇಲಿನ ಚರ್ಮ ಹಿಡಿದು ಎತ್ತಿದರೆ ಸಲೀಸಾಗಿ ಬಂತು, ಗಂಟು ಕೆಳಗೇ ಉಳಿಯಿತು. ಜಡ್ಡಾಗಿದ್ದರೆ ಅದು ಚರ್ಮದ ಜೊತೆಗೇ ಬರಬೇಕಿತ್ತು. ಟಾರ್ಚ್ ಹಿಡಿದರೆ ಬೆಳಕು ಹಾಯಲಿಲ್ಲ. ಎರಡು ವರ್ಷದಿಂದ ಇದೆ, ನಿಧಾನಕ್ಕೆ ಬೆಳೆದಿದೆ. ಹಿಂದೆ ನೋಡಿದ ಯಾರಿಗೂ ಅವರು ಅದನ್ನು ತೋರಿಸಿರಲಿಲ್ಲ, ಯಾರೂ ಕೇಳಿರಲಿಲ್ಲ. ದೊಡ್ಡ ಗಂಟು ಕಣ್ಣಿಗೆ ರಾಚುತ್ತಿರುವಾಗ ಕೈ ಮಗುಚಿ ನೋಡುವ ಪುರುಸೊತ್ತು ಯಾರಿಗಿರುತ್ತದೆ!

ಪರೀಕ್ಷೆಗಳು

ಎಕ್ಸ್‌ರೇಯಲ್ಲಿ ಮಣಿಕಟ್ಟು ಸರಿಯಾಗಿತ್ತು. ಮೂಳೆಗಳ ನಡುವೆ ಅಂತರ ಹೆಚ್ಚಿರಲಿಲ್ಲ, ಅಂಗೈ ಮೂಳೆಗಳ ಬುಡದಲ್ಲಿ ಮೂಳೆಯೇ ಉಬ್ಬಿ ಗಂಟಿನಂತೆ ಕಾಣುವ ಸ್ಥಿತಿಯೂ ಇರಲಿಲ್ಲ. ತೋರುಬೆರಳಿನ ನಡುಮೂಳೆಯ ಅಂಚಿನಲ್ಲಿ ಮಾತ್ರ ಒಂದು ಆಳವಿಲ್ಲದ ಕಚ್ಚು ಕಂಡಿತು. ಅಂಚು ನುಣುಪಾಗಿತ್ತು. ಹೊರಗಿನಿಂದ ಬಹುಕಾಲ ಒತ್ತಿದ ಗುರುತು ಅದು, ಮೂಳೆಯನ್ನು ತಿಂದು ಹಾಕಿದ ಗುರುತಲ್ಲ.

ಅಲ್ಟ್ರಾಸೌಂಡ್ ಎರಡು ಗಂಟುಗಳ ವ್ಯತ್ಯಾಸವನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಮಣಿಕಟ್ಟಿನದು ಎರಡು ಸೆಂಟಿಮೀಟರಿಗೆ ತುಸು ಮೇಲಿನ ದ್ರವದ ಚೀಲ. ಒಳಗೆ ರಕ್ತದ ಹರಿವಿಲ್ಲ, ಕೀಲಿನ ಕಡೆಗೆ ಇಳಿಯುವ ತೊಟ್ಟು ಕಾಣುತ್ತಿತ್ತು. ಬೆರಳಿನದು ಸುಮಾರು ಒಂದು ಸೆಂಟಿಮೀಟರಿನ ಘನ ಗಂಟು. ಒಳಗೆ ರಕ್ತನಾಳಗಳಿದ್ದವು, ಬೆರಳು ಆಡಿಸಿದಾಗ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ಅದರ ಪಕ್ಕದಲ್ಲಿ ಸರಾಗವಾಗಿ ಜಾರುತ್ತಿತ್ತು. ಸ್ನಾಯುರಜ್ಜುವಿನ ಕವಚದಲ್ಲಿ ಬೆಳೆಯುವ ದೈತ್ಯಕೋಶ ಗಂಟು ಇರಬಹುದು ಎಂದು ರೇಡಿಯಾಲಜಿಸ್ಟ್ ಬರೆದರು. ಹೆಸರು ಕೇಳಿದರೆ ಭಯವಾಗುತ್ತದೆ, ಆದರೆ ಇದು ಕ್ಯಾನ್ಸರ್ ಅಲ್ಲ. ಕೈಯಲ್ಲಿ ಗ್ಯಾಂಗ್ಲಿಯಾನ್ ಬಿಟ್ಟರೆ ಹೆಚ್ಚು ಕಾಣುವುದು ಇದೇ. ಬೆರಳುಗಳಲ್ಲಿ, ಅದರಲ್ಲೂ ಅಂಗೈ ಕಡೆಗೆ, ನಿಧಾನವಾಗಿ ಬೆಳೆಯುತ್ತದೆ. ಗ್ಯಾಂಗ್ಲಿಯಾನ್‌ನಂತೆ ತಾನಾಗಿ ಕರಗಿಹೋಗುವ ಭರವಸೆ ಇದಕ್ಕಿಲ್ಲ. ಬೆಳೆಯುತ್ತ ಹೋದಂತೆ ಬೆರಳಿನ ನರವನ್ನು ಸುತ್ತುವರಿಯಬಹುದು, ಮೂಳೆಯನ್ನು ಒತ್ತಬಹುದು.

ಎಂಆರ್‌ಐ ಬೇಕೇ ಎಂಬ ಚರ್ಚೆ ನಡೆಯಿತು. ಗಂಟು ಸಣ್ಣದು, ಮೇಲ್ಪದರದಲ್ಲಿದೆ, ಅಲ್ಟ್ರಾಸೌಂಡಿನಲ್ಲಿ ಅದರ ಎಲ್ಲ ಅಂಚುಗಳೂ ಕಾಣುತ್ತಿವೆ, ಹೇಗೂ ಪೂರ್ತಿ ತೆಗೆದು ಅಂಗಾಂಶ ಪರೀಕ್ಷೆಗೆ ಕಳಿಸುತ್ತೇವೆ. ಆದ್ದರಿಂದ ಬೇಡ ಎಂದೆವು. ವೇಗವಾಗಿ ಬೆಳೆದಿದ್ದರೆ, ಆಳದಲ್ಲಿದ್ದಿದ್ದರೆ, ಮೂಳೆಯ ಅಂಚು ನುಣುಪಾಗಿರದಿದ್ದರೆ ಮೊದಲು ಎಂಆರ್‌ಐ, ಆಮೇಲೆ ಬಯಾಪ್ಸಿ, ಅದಾದ ಮೇಲೆಯೇ ಕತ್ತಿ. ತೊಡೆಯಲ್ಲೋ ಭುಜದಲ್ಲೋ ಆದರೆ ಐದು ಸೆಂಟಿಮೀಟರ್ ದಾಟಿದ ಗಂಟಿನ ಬಗ್ಗೆ ಹೆಚ್ಚು ಎಚ್ಚರ ವಹಿಸುತ್ತೇವೆ. ಕೈಯಲ್ಲಿ ಆ ಅಳತೆಯನ್ನು ನಂಬಿ ಕೂರುವಂತಿಲ್ಲ. ಅಪರೂಪಕ್ಕೆ ಇಲ್ಲಿ ಬರುವ ಕ್ಯಾನ್ಸರ್ ಗಂಟುಗಳು ಸಣ್ಣದಾಗಿಯೇ ಇರುತ್ತವೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಮಣಿಕಟ್ಟಿನ ಗಂಟೆಂದರೆ ಗ್ಯಾಂಗ್ಲಿಯಾನ್ ಎಂದು ಸೂಜಿ ಎತ್ತಿಕೊಳ್ಳುವ ಮುಂಚೆ ಅದು ಯಾವ ಬದಿಯಲ್ಲಿದೆ ಎಂದು ನೋಡಬೇಕು. ಅಂಗೈ ಬದಿಯಲ್ಲಿ, ಹೆಬ್ಬೆರಳಿನ ಕಡೆ ಇದ್ದರೆ ನಾಡಿ ಮಿಡಿಯುವ ರಕ್ತನಾಳ ಅದಕ್ಕೆ ಅಂಟಿಕೊಂಡೇ ಇರಬಹುದು. ನಮ್ಮ ದೇಶದಲ್ಲಿ ಇನ್ನೊಂದು ಸಾಧ್ಯತೆಯೂ ಇದೆ: ಮಣಿಕಟ್ಟಿನ ಮೇಲೆ ಮತ್ತು ಅಂಗೈಯೊಳಗೆ ಎರಡೂ ಕಡೆ ಉಬ್ಬಿ, ಒಂದನ್ನು ಒತ್ತಿದರೆ ದ್ರವ ಇನ್ನೊಂದಕ್ಕೆ ಹರಿಯುವ ಬಾವು. ಅದು ಸ್ನಾಯುರಜ್ಜುಗಳ ಕವಚದ ಕ್ಷಯವಾಗಿರಬಹುದು. ಒಳಗೆ ಅಕ್ಕಿಕಾಳಿನಂಥ ಬಿಳಿಯ ತುಣುಕುಗಳು ತುಂಬಿರುತ್ತವೆ. ಇದಕ್ಕೆ ಬೇಕಾದದ್ದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ, ಅಗತ್ಯವಿದ್ದರೆ ಜೊತೆಗೆ ಶಸ್ತ್ರಚಿಕಿತ್ಸೆ. ಉಗುರಿನ ಬುಡದ ನೀರುಗುಳ್ಳೆಯನ್ನು ಮನೆಯಲ್ಲಿ ಸೂಜಿಯಿಂದ ಚುಚ್ಚಿಕೊಂಡು ಬರುವವರೂ ಇದ್ದಾರೆ. ಅದರ ತೊಟ್ಟು ಬೆರಳಿನ ಕೊನೆಯ ಕೀಲಿಗೆ ಸೇರಿರುವುದರಿಂದ ಕೀವು ಕೀಲಿನೊಳಗೇ ಇಳಿಯಬಹುದು.

ತೀರ್ಮಾನ

ನನ್ನ ಸಹೋದ್ಯೋಗಿಯೊಬ್ಬರ ಸಲಹೆ ಸರಳವಾಗಿತ್ತು: ಹೇಗೂ ಅರಿವಳಿಕೆ ಕೊಡುತ್ತೇವೆ, ಎರಡನ್ನೂ ಒಟ್ಟಿಗೆ ತೆಗೆಯೋಣ. ಖರ್ಚು ಒಂದೇ, ರಜೆ ಒಂದೇ. ರೋಗಿಗೂ ಇದೇ ಇಷ್ಟವಿತ್ತು. ನಾನು ಒಪ್ಪಲಿಲ್ಲ, ಕಾರಣ ಇಷ್ಟು.

ಬೆರಳಿನ ಶಸ್ತ್ರಚಿಕಿತ್ಸೆ ಮುಗಿದ ಎರಡು ಮೂರು ದಿನಗಳಲ್ಲೇ ಬೆರಳನ್ನು ಆಡಿಸಲು ಶುರುಮಾಡಬೇಕು, ಇಲ್ಲದಿದ್ದರೆ ಬಿಗಿಯುತ್ತದೆ. ಅದೇ ಹೊತ್ತಿಗೆ ಮಣಿಕಟ್ಟಿನಲ್ಲೂ ಹಸಿ ಗಾಯ, ಊತ, ಪಟ್ಟಿ ಇದ್ದರೆ ಯಾರೂ ಬೆರಳನ್ನು ಧೈರ್ಯವಾಗಿ ಆಡಿಸುವುದಿಲ್ಲ. ಇದಕ್ಕಿಂತ ದೊಡ್ಡ ಕಾರಣ, ಮಣಿಕಟ್ಟಿನ ಗಂಟನ್ನು ತೆಗೆಯಲೇಬೇಕಾದ ಅವಶ್ಯಕತೆ ಕಾಣಲಿಲ್ಲ. ಅದೇನು ಎಂಬುದರಲ್ಲಿ ಅನುಮಾನವಿರಲಿಲ್ಲ, ಅದು ಕ್ಯಾನ್ಸರ್ ಆಗಿ ಬದಲಾಗುವಂಥದ್ದಲ್ಲ. 2007ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಹಿಂಬದಿ ಗ್ಯಾಂಗ್ಲಿಯಾನ್ ಇದ್ದ 236 ಮಂದಿಯನ್ನು ಸರಾಸರಿ ಆರು ವರ್ಷದ ಬಳಿಕ ವಿಚಾರಿಸಿದ್ದರು. ಸೂಜಿಯಿಂದ ದ್ರವ ತೆಗೆಸಿಕೊಂಡವರಲ್ಲಿ ಶೇ. 58 ಮಂದಿಗೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಶೇ. 39 ಮಂದಿಗೆ ಗಂಟು ಮರಳಿತ್ತು. ಏನೂ ಮಾಡಿಸದೆ ಬಿಟ್ಟವರಲ್ಲೂ ಅನೇಕರಿಗೆ ತಾನಾಗಿ ಹೋಗಿತ್ತು, ನೋವಿನ ಉಪಶಮನದಲ್ಲಿ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೂ ಹೆಚ್ಚು ತೃಪ್ತರಾಗಿದ್ದವರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೇ, ಗಂಟು ಮರಳಿದ್ದರೂ ಕೂಡ! ನುರಿತ ಕೈಗಳಲ್ಲಿ ಮರಳುವ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ ಎಂದು ಹೇಳುವ ವರದಿಗಳೂ ಇವೆ. ಆದರೆ ಮಣಿಕಟ್ಟು ಪೂರ್ತಿ ಬಗ್ಗದೆ ಉಳಿಯುವುದು, ಗಾಯದ ಸುತ್ತ ಜೋಮು, ಕಲೆ ಇವೆಲ್ಲ ಶಸ್ತ್ರಚಿಕಿತ್ಸೆಯ ಜೊತೆಗೇ ಬರುವ ಸಾಧ್ಯತೆಗಳು.

ಈ ಅಂಕಿಗಳನ್ನು ಮನೆಯವರ ಮುಂದೆ ಇಟ್ಟೆ. ಗಂಡ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು: “ದೊಡ್ಡದನ್ನು ಬಿಟ್ಟು ಸಣ್ಣದನ್ನು ಕತ್ತರಿಸುತ್ತೀರಾ ಡಾಕ್ಟರೇ? ನಮ್ಮ ಅಣ್ಣನದೂ ದೊಡ್ಡದೇ ಆಗಿತ್ತು.” ಮಾತಿಗಿಂತ ಕಣ್ಣು ಮೇಲೆಂದು ದೀಪ ಆರಿಸಿ ಟಾರ್ಚನ್ನು ಅವರ ಕೈಗೇ ಕೊಟ್ಟೆ. ಬೆಳಗಿದ ಗಂಟನ್ನೂ ಕಪ್ಪಾಗಿಯೇ ಉಳಿದ ಗಂಟನ್ನೂ ಅವರೇ ನೋಡಿದರು. ಬೆಳಕು ಹಾಯದ್ದೆಲ್ಲ ಕೆಟ್ಟದ್ದಲ್ಲ, ಆದರೆ ಬೆಳಕು ಹಾಯದ ಗಂಟಿನೊಳಗೆ ಏನಿದೆ ಎಂದು ತೆಗೆದು ನೋಡಿಯೇ ಹೇಳಬೇಕು ಎಂದೆ. ಅಷ್ಟರ ಮೇಲೆ ಅವರು ವಾದಿಸಲಿಲ್ಲ.

ದಿನ ಗೊತ್ತುಮಾಡಿದ್ದು ರೋಗಿಯೇ. ಆಷಾಢದಲ್ಲಿ ಮದುವೆಗಳಿಲ್ಲ, ಬೇಡಿಕೆ ಕಡಿಮೆ. ಶ್ರಾವಣ ಹುಟ್ಟಿದ ಕೂಡಲೇ ಪಂಚಮಿಯ ರೊಟ್ಟಿಗೆ ಜನ ಮುಗಿಬೀಳುತ್ತಾರೆ. ಆಷಾಢದ ಮೊದಲ ವಾರವೇ ಆಗಲಿ ಎಂದರು.

ಶಸ್ತ್ರಚಿಕಿತ್ಸೆ ಮತ್ತು ಆಮೇಲೆ

ಕೈಗೆ ಮಾತ್ರ ಅರಿವಳಿಕೆ ಕೊಟ್ಟು, ತೋಳಿಗೆ ಪಟ್ಟಿ ಬಿಗಿದು ರಕ್ತದ ಹರಿವು ತಡೆದು, ವರ್ಧಕ ಕನ್ನಡಕ ತೊಟ್ಟು ಮಾಡಿದೆವು. ಬೆರಳಿನ ಮಡಿಕೆಗಳಿಗೆ ಅಡ್ಡಲಾಗಿ ನೇರ ಗೆರೆ ಎಳೆದರೆ ಕಲೆ ಒಣಗುವಾಗ ಬೆರಳನ್ನು ಎಳೆದು ಬಗ್ಗಿಸುತ್ತದೆ, ಅದಕ್ಕೇ ಅಂಕುಡೊಂಕು ಗೆರೆ. ಚರ್ಮ ಬಿಡಿಸಿದಾಗ ಮೊದಲು ಕಂಡದ್ದು ಗಂಟಲ್ಲ, ನರ. ತನ್ನ ಜಾಗ ಬಿಟ್ಟು, ಗಂಟಿನ ಬೆನ್ನ ಮೇಲೆ ತೆಳ್ಳಗೆ ಹಾಸಿಕೊಂಡಿತ್ತು. ‘ಸಣ್ಣ ಗಂಟು, ಹೊರರೋಗಿ ಕೋಣೆಯಲ್ಲೇ ತೆಗೆದುಬಿಡೋಣ’ ಎಂದು ಯಾರಾದರೂ ಹೊರಟಿದ್ದರೆ ಮೊದಲ ಗೀಟಿಗೇ ಅದು ತುಂಡಾಗುತ್ತಿತ್ತು. ನರವನ್ನು ಬಿಡಿಸಲು ಹಿಡಿದ ಸಮಯ ಗಂಟನ್ನು ತೆಗೆಯಲು ಹಿಡಿದದ್ದಕ್ಕಿಂತ ಹೆಚ್ಚು. ಗಂಟು ಹಳದಿ ಮಿಶ್ರಿತ ಕಂದು ಬಣ್ಣದ್ದು, ಹಲವು ಉಬ್ಬುಗಳದ್ದು. ಪಕ್ಕದಲ್ಲಿ ಸಾಸಿವೆ ಗಾತ್ರದ ಮರಿಗಂಟೊಂದು ಬೇರೆಯಾಗಿ ಕುಳಿತಿತ್ತು. ಇಂಥವು ಉಳಿದುಹೋದರೆ ಅಲ್ಲಿಂದಲೇ ಗಂಟು ಮತ್ತೆ ಬೆಳೆಯುತ್ತದೆ. ಮೂಳೆಯ ಕಚ್ಚನ್ನು ಕೆರೆದು ಸ್ವಚ್ಛಗೊಳಿಸಿದೆವು. ಅಂಗಾಂಶ ಪರೀಕ್ಷೆಯ ವರದಿ ನಮ್ಮ ಊಹೆಯನ್ನೇ ಹೇಳಿತು: ದೈತ್ಯಕೋಶ ಗಂಟು, ಕ್ಯಾನ್ಸರ್ ಲಕ್ಷಣವಿಲ್ಲ.

ಹೊಲಿಗೆ ಬಿಚ್ಚಲು ಬಂದಾಗ ಬೆರಳು ಕಡ್ಡಿಯಂತೆ ನೆಟ್ಟಗಿತ್ತು. ಆಡಿಸಿದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ ಎಂದು ಅತ್ತೆ ಆಡಿಸಲು ಬಿಟ್ಟಿರಲಿಲ್ಲ. ನಮ್ಮ ಫಿಸಿಯೋಥೆರಪಿಸ್ಟ್ ಅತ್ತೆಯನ್ನೇ ಒಳಗೆ ಕರೆಸಿ ವ್ಯಾಯಾಮ ಕಲಿಸಿದರು. ಹಿಚುಕಲು ಕೊಡುವ ರಬ್ಬರಿನ ಮುದ್ದೆಯ ಬದಲು ನಾದಿದ ಜೋಳದ ಹಿಟ್ಟಿನ ಉಂಡೆ ಗೊತ್ತುಮಾಡಿದರು, ದಿನಕ್ಕೆ ಹಲವು ಸಲ. ಅಲ್ಲಿಂದ ಅತ್ತೆಯೇ ಕಾವಲು. ತಿಂಗಳೊಳಗೆ ಬೆರಳ ತುದಿ ಅಂಗೈ ಮುಟ್ಟಿತು.

ಬೆರಳ ತುದಿಯ ಒಂದು ಪಕ್ಕದಲ್ಲಿ ಜೋಮು ಉಳಿದಿತ್ತು. ಬಿಡಿಸಿದ ನರ ಚೇತರಿಸಿಕೊಳ್ಳಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ಮಗುಚಬೇಡಿ ಎಂದು ಹೇಳಿ, ಬರೆದೂ ಕೊಟ್ಟಿದ್ದೆವು. ರೂಢಿಯ ಕೈ ಕೇಳಬೇಕಲ್ಲ! ಪಂಚಮಿಯ ಗಡಿಬಿಡಿಯಲ್ಲಿ ಆ ತುದಿಗೆ ಬೊಬ್ಬೆ ಬಂತು, ಸುಟ್ಟದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಗಾಯ ಮಾಯಿತು. ಬೆಂಕಿಯ ಮುಂದೆ ಕೆಲಸ ಮಾಡುವವರ ಬೆರಳಿನ ನರದ ಬಳಿ ಕತ್ತಿ ಆಡಿಸುವವರು ಈ ಅಪಾಯವನ್ನು ಶಸ್ತ್ರಚಿಕಿತ್ಸೆಯ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಬಿಟ್ಟ ಗಂಟಿನ ಕಥೆ

ಮಣಿಕಟ್ಟಿನ ಗಂಟನ್ನು ಬಿಟ್ಟೆವು ಎಂದರೆ ಮರೆತೆವು ಎಂದಲ್ಲ. ನೋವಿದ್ದದ್ದು ನಾದುವಾಗ ಮತ್ತು ಅಂಗೈ ಊರಿ ಏಳುವಾಗ. ಎರಡರಲ್ಲೂ ಮಣಿಕಟ್ಟು ಪೂರ್ತಿ ಹಿಂದಕ್ಕೆ ಬಾಗಿ ಮೈಭಾರ ಹೊರುತ್ತದೆ. ಹಾಗಾಗಿ ಬದಲಿಸಬೇಕಾದದ್ದು ರೊಟ್ಟಿ ಬಡಿಯುವ ಕೆಲಸವನ್ನಲ್ಲ. ನಾದುವ ಕೆಲಸವನ್ನು ಸಂಘದ ಇನ್ನಿಬ್ಬರು ಹಂಚಿಕೊಂಡರು. ಅನಿವಾರ್ಯವಾದಾಗ ಇವರು ಮುಷ್ಟಿ ಕಟ್ಟಿ, ಮಣಿಕಟ್ಟು ನೇರವಾಗಿಟ್ಟು ನಾದುವುದನ್ನು ಕಲಿತರು. ನೆಲದಿಂದ ಏಳುವಾಗಲೂ ಅಂಗೈ ಬದಲು ಮುಷ್ಟಿ. ಒಲೆಯನ್ನು ಕಟ್ಟೆಯ ಮೇಲಕ್ಕೆ ಏರಿಸಿದ್ದರಿಂದ ಏಳುವ ಪ್ರಸಂಗವೇ ಕಡಿಮೆಯಾಯಿತು. ನೋವು ಹೆಚ್ಚಾದ ದಿನ ಮಾತ್ರ ಮಣಿಕಟ್ಟಿಗೆ ಆಧಾರದ ಪಟ್ಟಿ. ಪಟ್ಟಿಯಿಂದ ಗಂಟು ಕರಗುವುದಿಲ್ಲ, ಕೀಲಿಗೆ ವಿರಾಮ ಸಿಗುತ್ತದೆ, ಅಷ್ಟೇ. ಮತ್ತೊಮ್ಮೆ ಸೂಜಿ ಹಾಕುವ, ಸ್ಟೀರಾಯ್ಡ್ ತುಂಬುವ ಮಾತೂ ಬಂದಿತ್ತು. ಸ್ಟೀರಾಯ್ಡ್ ಸೇರಿಸಿದರೆ ಗಂಟು ಮರಳುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ, ಚರ್ಮ ತೆಳುವಾಗಿ ಬಿಳಿಚಿಕೊಳ್ಳುವ ತೊಂದರೆ ಮಾತ್ರ ಇದೆ. ಬಿಟ್ಟೆವು.

ಒಂದು ವರ್ಷ ದಾಟಿದ ಮೇಲಿನ ತಪಾಸಣೆಯಲ್ಲಿ ನಾದುವಾಗಿನ ನೋವು ಹೋಗಿತ್ತು. ಗಂಟು ಹೋಗಿರಲಿಲ್ಲ, ಅರ್ಧದಷ್ಟಾಗಿತ್ತು, ಮದುವೆಯ ದಿನಗಳಲ್ಲಿ ಈಗಲೂ ಸ್ವಲ್ಪ ಉಬ್ಬುತ್ತದೆಯಂತೆ. ತೋರುಬೆರಳು ಉಳಿದವುಗಳ ಜೊತೆಗೇ ಬೀಳುತ್ತದೆ. ಜೋಮು ತುದಿಯ ಒಂದು ಚೂರಿಗೆ ಇಳಿದಿದೆ. ಎಕ್ಸ್‌ರೇಯಲ್ಲಿ ಮೂಳೆಯ ಕಚ್ಚು ತುಂಬಿಕೊಳ್ಳುತ್ತಿದೆ.

ಹೆಚ್ಚು ನಿಗಾ ಬೇಕಾಗಿರುವುದು ತೆಗೆದ ಗಂಟಿನ ಮೇಲೆಯೇ. ದೈತ್ಯಕೋಶ ಗಂಟು ಮರಳುವ ಪ್ರಮಾಣ ವರದಿಯಿಂದ ವರದಿಗೆ ಏರುಪೇರು; ಕೆಲವೆಡೆ ಶೇ. 10ಕ್ಕಿಂತ ಕಡಿಮೆ, ಕೆಲವೆಡೆ ಶೇ. 40ರ ಮೇಲೆ. ಮೂಳೆಗೆ ಒತ್ತಿದ ಗುರುತು, ಜೊತೆಯಲ್ಲಿದ್ದ ಮರಿಗಂಟು ಎರಡೂ ಇವರ ವಿಷಯದಲ್ಲಿ ಎಚ್ಚರಿಕೆಯ ಅಂಶಗಳು. ವರ್ಷಕ್ಕೊಮ್ಮೆ ಬೆರಳಿನ ಅಲ್ಟ್ರಾಸೌಂಡ್ ಮಾಡಿಸಬೇಕೆಂದು ಕಡತದಲ್ಲಿ ಬರೆದಿದ್ದೇವೆ. ಹೊಸ ಗಟ್ಟಿ ಗಂಟು ಕೈಗೆ ಸಿಕ್ಕರೆ, ಬೆರಳು ಬಗ್ಗುವುದು ಕಡಿಮೆಯಾದರೆ, ಜೋಮು ಮತ್ತೆ ಹರಡಿದರೆ ಆ ದಿನಕ್ಕಾಗಿ ಕಾಯದೆ ಬರಬೇಕು. ಮಣಿಕಟ್ಟಿನ ಗಂಟಿನ ಬಗ್ಗೆ ಗಂಡ ಮತ್ತೊಮ್ಮೆ ವಿಚಾರಿಸಿದರು. ಕೆಲಸಕ್ಕೆ ಅಡ್ಡಿಯಾದರೆ, ಅಥವಾ ನೋಡಲು ಬೇಸರವೆನಿಸಿದರೂ ಸರಿ, ಮುಂದಿನ ಆಷಾಢದಲ್ಲಿ ತೊಟ್ಟಿನ ಸಮೇತ ತೆಗೆಯಬಹುದು ಎಂದು ತಿಳಿಸಿದ್ದೇನೆ. ತೀರ್ಮಾನವನ್ನು ರೋಗಿಗೇ ಬಿಟ್ಟಿದ್ದೇವೆ. ಸದ್ಯಕ್ಕೆ ಬೇಡ ಎಂದಿದ್ದಾರೆ.